ಎಚ್‌ಪಿವಿ ಅಂದ ಕೂಡ್ಲೆ ಅಂಜಬ್ಯಾಡ್ರಿ

ಎಚ್‌ಪಿವಿ ವೈರಸ್‌ನಿಂದ ಗರ್ಭಕಂಠದ (ಗರ್ಭಚೀಲದ ಬಾಯಿಯ) ಕ್ಯಾನ್ಸರ್ ಬರತೈತಿ ಅಂತ ನಿಮ್ಮ ಲೇಖನದಾಗ ಬರದೀರಿ, ಛಲೋ ಆತು. ಆದ್ರ ಈ ವೈರಸ್ ತಗಲಿದವರಿಗೆಲ್ಲಾ ಕ್ಯಾನ್ಸರ್ ಬರೂದಿಲ್ಲ, ಭಾಳ ಮಂದಿಗೆ ಒಂದೆರಡು ವರ್ಷದಾಗ ತಾನ ಹೋಗತೈತಿ ಅನ್ನೂದನ್ನ ಬಿಟ್ಟೀರಿ. ನಮ್ಮ ಹುಬ್ಬಳ್ಳಿ ಓಣ್ಯಾಗ ಇದನ್ನ ಓದಿದವರು ಅಂಜ್ಯಾರು! ಈ ವೈರಸ್‌ನ 16, 18ನೇ ನಮೂನಿ ವರ್ಷಗಟ್ಟಲೆ ಮೈಯೊಳಗ ಠಿಕಾಣಿ ಹೂಡಿದ್ರ ಧೋಕಾ. ಈ ವೈರಸ್ಸಿಗೂ ಕ್ಯಾನ್ಸರಿಗೂ ಇರೋ ನಂಟು ತೋರಿಸಿದ ಜರ್ಮನಿಯ ವಿಜ್ಞಾನಿ ಹರಾಲ್ಡ್ ತ್ಸುರ್ ಹೌಸೆನ್‌ಗೆ 2008ರಾಗ ನೊಬೆಲ್ ಬಂತು.

ನಮ್ಮ ದೊಡ್ಡವ್ವ ಬ್ಯಾಡಗಿಯಾಗ ಮೆಣಸಿನಕಾಯಿ ತೊಟ್ಟು ಬಿಡಸಾಕ ಹೋಗ್ತಿದ್ಲು. ಮುಟ್ಟು ನಿಂತು ಆರು ವರ್ಷಕ್ಕ ಮತ್ತ ರಕ್ತ ಕಂಡ್ರೂ ‘ಉಷ್ಣ ಆಗೇತಿ’ ಅಂತ ಮಜ್ಜಿಗಿ ಕುಡದು ಸುಮ್ನಿದ್ಲು. ಅದು ಇದ ಕ್ಯಾನ್ಸರ್ ಆಗಿತ್ತು; ಡಾಕ್ಟರಿಗೆ ತೋರಸೂದ್ರಾಗ ಹೊತ್ತು ಮೀರಿತ್ತು. ನನ್ನ ಮಗಳಿಗೆ ಈಗ ಹನ್ನೊಂದು, ಈ ವೈರಸ್ ತಡಿಯೋ ಲಸಿಕಿ ಹಾಕಿಸೇನಿ. ಒಂದ ದಿನ ರಟ್ಟಿ ನೋವಾತು, ಅಷ್ಟ.