ಮುದ್ದೆಯೊಳಗಿನ ಲಕ್ಷ್ಮಣಯ್ಯ

ಸರ್ಕಲ್ಲಿಗೆ ಯಾರ ಹೆಸರು, ಬಸ್ ಸ್ಟ್ಯಾಂಡಿಗೆ ಯಾರ ಹೆಸರು ಅಂತ ನಮ್ಮಲ್ಲಿ ನಡೆಯುವಷ್ಟು ಜಗಳ ಗದ್ದೆ ಬದುವಿಗೂ ನಡೆಯಲ್ಲವೇನೋ. ಸತ್ತವರನ್ನು ಉಳಿಸಿಕೊಳ್ಳುವುದು ಅಂದರೆ ಒಂದು ಪ್ರತಿಮೆ, ಒಂದು ಹಾರ, ವರ್ಷಕ್ಕೊಂದು ಜಯಂತಿ. ಅದರಾಚೆ ನಮಗೇನೂ ಹೊಳೆಯುವುದೇ ಇಲ್ಲ. ಇಂಥ ಜಗಳ ಎದ್ದಾಗೆಲ್ಲ ನನಗೆ ನೆನಪಾಗುವವರು ರಾಗಿ ಲಕ್ಷ್ಮಣಯ್ಯ.

ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ತಳಿಗಳ ಕೆಲಸಕ್ಕೇ ಜೀವ ತೇದ ವಿಜ್ಞಾನಿ. 1993ರಲ್ಲಿ ತೀರಿಕೊಂಡರು. ಮುದ್ದೆ ಇಲ್ಲದೆ ಊಟವಾಗದ ನಮ್ಮ ಕಡೆಯಲ್ಲೇ ಈ ಹೆಸರೆತ್ತಿದರೆ, ‘ಯಾರು ಸ್ವಾಮಿ ಅವ್ರು?’ ಅನ್ನುವವರೇ ಜಾಸ್ತಿ.

ರಾಗಿ ಹೂವನ್ನು ಹತ್ತಿರದಿಂದ ನೋಡಿದ್ದೀರಾ? ಕಣ್ಣು ಕಿರಿದು ಮಾಡಿದರೂ ಸರಿಯಾಗಿ ಕಾಣಲ್ಲ, ಅಷ್ಟು ಸಣ್ಣದು. ಗಂಡು ಹೆಣ್ಣು ಎರಡೂ ಅದೇ ಹೂವಿನಲ್ಲಿ. ಅರಳುವುದು ರಾತ್ರಿ ಒಂದು ಗಂಟೆಯ ಮೇಲೆ; ಬೆಳಕು ಹರಿಯುವಷ್ಟರಲ್ಲಿ ತನ್ನದೇ ಪರಾಗದಿಂದ ಕಾಳು ಕಟ್ಟುವ ಏರ್ಪಾಡು ಮುಗಿಸಿಬಿಟ್ಟಿರುತ್ತದೆ. ಅಂಥದ್ದಕ್ಕೆ ಬೇರೆ ಗಿಡದ ಪರಾಗ ಸೇರಿಸಬೇಕು, ಆಮೇಲೆ ಹಲವು ಬೆಳೆಗಳವರೆಗೆ ಆರಿಸುತ್ತ ಕೂರಬೇಕು. ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿ ಜೊತೆ ಕೂಡಿಸಿದರು. ರಾಗಿಯ ಮೂಲವೂ ಆಫ್ರಿಕಾವೇ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದ ಹೆಣ್ಣಿಗೆ ಮತ್ತೆ ತವರಿನ ಸಂಬಂಧ ಕುದುರಿಸಿದ ಹಾಗೆ. ಹುಟ್ಟಿದ್ದು ಇಂಡಾಫ್ ತಳಿಗಳು: ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ನಮ್ಮ ದೊಡ್ಡಪ್ಪನ ಬಾಯಲ್ಲಿ ಇಂದಿಗೂ ‘ಇಂಡಾಪು’.

ಈ ಬೀಜವನ್ನು ವರ್ಷಾವರ್ಷ ದುಡ್ಡು ಕೊಟ್ಟು ತರಬೇಕಿಲ್ಲ. ಒಳ್ಳೆ ತೆನೆ ಎತ್ತಿಟ್ಟುಕೊಂಡರೆ ಮುಂದಿನ ಬಿತ್ತನೆಗಾಯಿತು. ಹಾಗಾಗಿಯೇ ಅದು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಸೇರುಗಟ್ಟಲೆ ಹೋಯಿತು. ಬೀಜ ಹೋಯಿತು, ಹೆಸರು ವಿ.ಸಿ. ಫಾರಂನಲ್ಲೇ ಉಳಿಯಿತು.

ಈಗ ಹೊಲಗಳಲ್ಲಿ ಹೆಚ್ಚು ಓಡುವುದು ಜಿಪಿಯು-28, ಬೆಂಕಿ ರೋಗ ತಡೆಯುವ ತಳಿ. ಲಕ್ಷ್ಮಣಯ್ಯನವರ ಕಾಲ ಮುಗಿಯಿತು ಅನ್ನಿಸುತ್ತದೆ, ಅಲ್ಲವೇ? ಅದರ ವಂಶಾವಳಿ ತೆಗೆದು ನೋಡಿ: ಒಂದು ಕಡೆ ಇಂಡಾಫ್-5, ಇನ್ನೊಂದು ಕಡೆ ಇಂಡಾಫ್-9ಕ್ಕೆ ಐಇ-1012 ಎಂಬ ಬೇರೊಂದು ರಾಗಿ ಸೇರಿದ ಸಂಕರ. ಇಂಡಾಫನ್ನು ಹಿಂದಕ್ಕೆ ತಳ್ಳಿದ ತಳಿಯ ಮೈಯಲ್ಲಿರುವುದೂ ಇಂಡಾಫೇ. ಒಬ್ಬ ಮನುಷ್ಯ ಬಿಟ್ಟುಹೋಗುವುದು ಅಂದರೆ ನನ್ನ ಲೆಕ್ಕದಲ್ಲಿ ಇದು. ಮುಂದಿನವರು ಅದನ್ನು ಬಳಸಿ, ಮುರಿದು, ಅದಕ್ಕಿಂತ ಒಳ್ಳೆಯದು ಮಾಡಿಕೊಳ್ಳುವಂತಿರಬೇಕು. ಪ್ರತಿಮೆಯ ಕೈಲಿ ಅದಾಗಲ್ಲ.

ಹಾಗಂತ ಬರೀ ಹೊಗಳಿ ಮುಗಿಸಲಾರೆ. ಹೊಸ ತಳಿಗಳು ಹರಡಿದಂತೆ ಗುಟ್ಟೆ ರಾಗಿ, ಕರಿಗಿಡ್ಡದಂಥ ನಾಟಿ ರಾಗಿಗಳು ಮೂಲೆ ಸೇರಿದವು. ಬೀಜ ಉಳಿಸುವ ರೈತರು ಈಗ ಅವನ್ನು ಹುಡುಕಿಕೊಂಡು ಓಡಾಡುತ್ತಿದ್ದಾರೆ. ಅದರ ಹೊಣೆ ಲಕ್ಷ್ಮಣಯ್ಯನವರ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಹಸಿದ ಹೊಟ್ಟೆಗಳ ಕಾಲ ಅದು, ಇಳುವರಿ ಬೇಕಿತ್ತು. ಆದರೂ ಅವರ ಲೆಕ್ಕದ ಪುಸ್ತಕದಲ್ಲಿ ಆ ಸಾಲೂ ಇರಲಿ. ಬಿಟ್ಟುಹೋದದ್ದರಲ್ಲಿ ಬರೀ ಬೆಳೆಯನ್ನು ಎಣಿಸಿ ಕಳೆಯನ್ನು ಬಿಡುವುದು ಜಯಂತಿ ಭಾಷಣದವರ ಚಾಳಿ.

ಮಂಡ್ಯ, ಹಾಸನ, ತುಮಕೂರು, ಕೋಲಾರದ ಕಡೆಯವರು ಮನೆಯ ಹಿರಿಯರನ್ನೊಮ್ಮೆ ಕೇಳಿ ನೋಡಿ: ಮೊದಲ ಇಂಡಾಫ್ ಬಿತ್ತನೆ ಯಾರ ಮನೆಯಿಂದ ಬಂತು, ಅದಕ್ಕೂ ಮುಂಚೆ ಹೊಲದಲ್ಲಿ ಯಾವ ರಾಗಿ ಇತ್ತು ಅಂತ. ಗೊತ್ತಾದರೆ ನನಗೂ ತಿಳಿಸಿ.