ಸವೆಯಲಾರದ ಸುಳಿ

ಕಾಫಿಗೆ ಸಕ್ಕರೆ ಹಾಕಿ ಕಲಕಿದಾಗ ಲೋಟದ ನಡುವೆ ಏಳುವ ಸುಳಿ ಮೊದಲ ಗುಟುಕಿಗೆ ಮುನ್ನವೇ ಸೋತಿರುತ್ತದೆ. ದ್ರವದ ಪದರಗಳು ಪರಸ್ಪರ ಉಜ್ಜಿಕೊಂಡು ಅದರ ವೇಗವನ್ನು ಇಷ್ಟಿಷ್ಟಾಗಿ ಶಾಖವಾಗಿಸಿ ಕಳೆದುಬಿಡುತ್ತವೆ.

ಹೀಲಿಯಂ ದ್ರವವನ್ನು 2.17 ಕೆಲ್ವಿನ್‌ಗಿಂತ ಕೆಳಗೆ, ಅಂದರೆ ಸೊನ್ನೆ ಸೆಲ್ಸಿಯಸ್‌ಗಿಂತ ಸುಮಾರು 271 ಡಿಗ್ರಿ ಕೆಳಗೆ ತಣಿಸಿದರೆ ಅದು ಅತಿದ್ರವವಾಗುತ್ತದೆ, ಅಂದರೆ ಒಳಗಿನ ಉಜ್ಜಾಟವಿಲ್ಲದೆ ಹರಿಯತೊಡಗುತ್ತದೆ. ಅಲ್ಲಿಯ ಸುಳಿಗೆ ಹೀಗೆ ಸವೆಯುವ ಅನುಕೂಲವಿಲ್ಲ. ಪರಮಾಣುಗಳು ಒಂದೇ ಅಲೆಯಾಗಿ ವರ್ತಿಸುವುದರಿಂದ, ಸುಳಿಯ ಸುತ್ತ ಒಂದು ಪ್ರದಕ್ಷಿಣೆ ಮುಗಿಯುವಷ್ಟರಲ್ಲಿ ಆ ಅಲೆಯೂ ಪೂರ್ಣ ಸಂಖ್ಯೆಯ ಆವರ್ತಗಳನ್ನು ಮುಗಿಸಿರಲೇಬೇಕು. ಒಂದಾಗಬಹುದು, ಎರಡಾಗಬಹುದು, ಮುಕ್ಕಾಲಾಗದು. ಲಾರ್ಸ್ ಆನ್‌ಸೇಗರ್ 1949ರಲ್ಲಿ ಸೂಚಿಸಿದ, ರಿಚರ್ಡ್ ಫೈನ್‌ಮನ್ 1955ರಲ್ಲಿ ವಿಸ್ತರಿಸಿದ ಈ ಕಟ್ಟಳೆಯಲ್ಲೇ ಸುಳಿಯ ಆಯುಷ್ಯದ ಗುಟ್ಟಿದೆ. ಒಂದರಿಂದ ಸೊನ್ನೆಗೆ ಇಳಿಯಲು ನಡುವೆ ಮೆಟ್ಟಿಲೇ ಇಲ್ಲದಿರುವಾಗ ಅದು ಇಳಿಯುವುದಾದರೂ ಹೇಗೆ? ಸಾಯಬೇಕಾದರೆ ಪಾತ್ರೆಯ ಗೋಡೆಯವರೆಗೆ ನಡೆದುಹೋಗಬೇಕು, ಇಲ್ಲವೇ ವಿರುದ್ಧ ದಿಕ್ಕಿನ ಜೊತೆಗಾರನನ್ನು ಸಂಧಿಸಬೇಕು.

ಎರಡಾಗಬಹುದು ಎಂದೆನಲ್ಲ, ಅದು ಹೆಚ್ಚು ಬಾಳದು. ಸುಳಿಯ ಶಕ್ತಿ ಸಂಖ್ಯೆಯ ವರ್ಗದಂತೆ ಏರುತ್ತದೆ. ಇಮ್ಮಡಿ ಸುಳಿಗೆ ನಾಲ್ಕು ಪಾಲು ಶಕ್ತಿ ಬೇಕಾದರೆ, ಅದೇ ಸುಳಿ ಎರಡು ಒಂಟಿ ಸುಳಿಗಳಾಗಿ ಒಡೆದರೆ ಎರಡೇ ಪಾಲು ಸಾಕು. ಆದ್ದರಿಂದಲೇ ಹೀಲಿಯಂ ಪಾತ್ರೆಯನ್ನು ಆರು ಸೆಕೆಂಡಿಗೊಂದು ಸುತ್ತಿನಂತೆ ನಿಧಾನವಾಗಿ ತಿರುಗಿಸಿದರೂ ಒಂದು ದೊಡ್ಡ ಸುಳಿ ಏಳುವುದಿಲ್ಲ. ಚದರ ಸೆಂಟಿಮೀಟರಿಗೆ ಸುಮಾರು 2000ದಂತೆ, ಮಿಲಿಮೀಟರಿನ ಕೋಟಿಯಲ್ಲೊಂದು ಪಾಲಿನಷ್ಟು ತೆಳ್ಳನೆಯ ಒಡಲಿನ ಸುಳಿಗಳು ಸಾಲಾಗಿ ನಿಲ್ಲುತ್ತವೆ.

ಇಂಥ ದೀರ್ಘಾಯುಷ್ಯದ ಸುಳಿಗಳನ್ನು ಲಾರ್ಡ್ ಕೆಲ್ವಿನ್ 1867ರಲ್ಲೇ ಊಹಿಸಿದ್ದರು: ಪರಮಾಣುಗಳೆಂದರೆ ಜಗತ್ತನ್ನೆಲ್ಲ ತುಂಬಿದೆ ಎಂದು ಆಗ ನಂಬಿದ್ದ ಈಥರ್ ಎಂಬ ಮಾಧ್ಯಮದಲ್ಲಿ ಗಂಟುಬಿದ್ದ ಸುಳಿಗಳು, ಗಂಟು ಬಿಚ್ಚದಿರುವುದರಿಂದಲೇ ಅವು ಅಳಿಯುವುದಿಲ್ಲ ಎಂದು. ಈಥರ್ ಮಾಯವಾಯಿತು, ಅವರ ಹೆಸರು ಮಾತ್ರ ಈ ಸುಳಿಗಳ ಚಳಿಯನ್ನು ಅಳೆಯಲು ಉಳಿದುಕೊಂಡಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಕೆ. ಆರ್. ಶ್ರೀನಿವಾಸನ್ ಮತ್ತು ಸಂಗಡಿಗರು 2006ರಲ್ಲಿ ಮೇರಿಲ್ಯಾಂಡ್‌ನಲ್ಲಿ ಹೆಪ್ಪುಗಟ್ಟಿದ ಹೈಡ್ರೋಜನ್ ಕಣಗಳನ್ನು ಹೀಲಿಯಂನಲ್ಲಿ ಬಿಟ್ಟು, ಸುಳಿಗಳಿಗೆ ಅವು ಅಂಟಿಕೊಳ್ಳುವುದನ್ನು ಕಂಡರು. ಎರಡು ಸುಳಿಗಳು ಅಡ್ಡಹಾಯ್ದಾಗ ಕತ್ತರಿಸಿಕೊಂಡು, ತುದಿಗಳನ್ನು ಅದಲುಬದಲು ಮಾಡಿಕೊಂಡು ಚಿಮ್ಮಿ ದೂರವಾಗುವುದೂ ಮುಂದೆ ಅವರ ಕಣ್ಣಿಗೆ ಬಿತ್ತು. ಸುಳಿ ತುಂಡಾಗದು ಎಂಬ ಕೆಲ್ವಿನ್ನರ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. ಅತಿದ್ರವದಲ್ಲಿ ಬಗೆಬಗೆಯ ಗಂಟುಗಳನ್ನು ಕಂಪ್ಯೂಟರಿನಲ್ಲಿ ಹೆಣೆದು ನೋಡಿದ 2016ರ ಅಧ್ಯಯನದಲ್ಲಿ, ಅವೆಲ್ಲವೂ ಇದೇ ರೀತಿ ಕತ್ತರಿಸಿಕೊಳ್ಳುತ್ತ ಬಿಚ್ಚಿಹೋಗಿ ಬರಿಯ ಉಂಗುರಗಳಾದವು.