ಸುದ್ದಿ ಟನ್ನಿನಲ್ಲಿ, ಯುರೇನಿಯಂ ಗ್ರಾಮಿನಲ್ಲಿ

ದೇಶಕ್ಕೆ ಯುರೇನಿಯಂ ಬೇಕಾದರೆ ಎರಡು ದಾರಿ. ನೆಲ ಕೊರೆಯಬೇಕು, ಇಲ್ಲವೇ ಪತ್ರಿಕಾಗೋಷ್ಠಿ ಕರೆಯಬೇಕು. ಎರಡನೆಯದರಲ್ಲಿ ಇಳುವರಿ ಜಾಸ್ತಿ.

2011ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಶ್ರೀಕುಮಾರ್ ಬ್ಯಾನರ್ಜಿ, ಕಡಪ ಜಿಲ್ಲೆಯ ತುಮ್ಮಲಪಲ್ಲೆಯಲ್ಲಿ 49 ಸಾವಿರ ಟನ್ ಖಚಿತ, ಮೂರು ಪಟ್ಟಾದರೂ ಆಗಬಹುದು ಎಂದದ್ದೇ ತಡ, ನಮ್ಮದೇ ಜಗತ್ತಿನ ಅತಿ ದೊಡ್ಡ ನಿಕ್ಷೇಪವಾಯಿತು. 'ಆಗಬಹುದು' ತಲೆಬರಹದಲ್ಲಿ ಹಿಡಿಸಲಿಲ್ಲ. ಗ್ರೇಡ್ ಎಷ್ಟೆಂದು ಕೇಳುವ ಪುರುಸೊತ್ತೂ ಯಾರಿಗೂ ಇರಲಿಲ್ಲ. ಅದು ಸುಮಾರು 0.04 ಶೇಕಡಾ: ಟನ್ ಅದಿರಿಗೆ 400 ಗ್ರಾಂ ಯುರೇನಿಯಂ ಆಕ್ಸೈಡ್, ಕೈಗೆ ಹತ್ತುವುದು ಅದರ ಮುಕ್ಕಾಲು ಪಾಲು.

ಕಜಾಕ್‌ಸ್ತಾನದ ಅದಿರೂ ಬಡವೇ. ಆದರೆ ಅಲ್ಲಿರುವುದು ನೀರಾಡುವ ಮರಳುಗಲ್ಲು. ಬಾವಿಯಿಂದ ಆಮ್ಲ ಇಳಿಸಿ ಯುರೇನಿಯಂ ಕರಗಿಸಿ ಮೇಲೆತ್ತುತ್ತಾರೆ. ನಮ್ಮದು ಡಾಲಮೈಟ್, ಸುಣ್ಣಕಲ್ಲಿನ ಜಾತಿಯದು. ಜಾರ್ಖಂಡಿನ ಜಾದುಗುಡ ಯುರೇನಿಯಂ ಗಣಿಯವರಂತೆ ಗಂಧಕಾಮ್ಲ ಸುರಿದರೆ ಕಲ್ಲೇ ಅದನ್ನು ಕುಡಿದು ನೊರೆಯುಕ್ಕಿಸುತ್ತದೆ. ಹಾಗಾಗಿ ಅಗೆದು, ನುಣ್ಣಗೆ ಅರೆದು, ಸೋಡಾ ಬೆರೆಸಿ, ಆಮ್ಲಜನಕದ ಒತ್ತಡದಲ್ಲಿ ಆಟೋಕ್ಲೇವ್ ಎಂಬ ಭಾರೀ ಕುಕ್ಕರಿನಲ್ಲಿ ಬೇಯಿಸಿ, ಸೋಸಿ, ಕಾಸ್ಟಿಕ್ ಸೋಡಾ ಹಾಕಿ ಹಳದಿ ಗಷ್ಟು ಇಳಿಸಬೇಕು. ದಿನಕ್ಕೆ 3,000 ಟನ್ ಅರೆದರೆ ಒಂದು ಟನ್ ಆಕ್ಸೈಡೂ ಪೂರ್ತಿ ಬರುವುದಿಲ್ಲ. ಉಳಿದ ರಾಡಿ, ಬಹುಪಾಲು ರೇಡಿಯಂ ಸಮೇತ, ಕೊಳಕ್ಕೆ. ಕೊಳ ಎಷ್ಟು ದೊಡ್ಡದೆಂದು ಮಾತ್ರ ಯಾರೂ ಜಗತ್ತಿನ ದಾಖಲೆ ಹುಡುಕಲಿಲ್ಲ.

ಕ್ಯಾಮೆರಾ ಮುಂದೆ ಗುಂಯ್‌ಗುಡುವ ವಿಕಿರಣ ಮೀಟರಿನದು ಇನ್ನೊಂದು ಕಥೆ. ಅದು ಎಣಿಸುವುದು ಯುರೇನಿಯಮ್ಮನ್ನಲ್ಲ, ಅದು ಕ್ಷಯಿಸಿ ರೇಡಿಯಂ ಆಗಿ, ಆ ರೇಡಿಯಂನಿಂದ ಮುಂದೆ ಹುಟ್ಟುವ ಬಿಸ್ಮತ್-214 ಹೊರಬಿಡುವ ಗಾಮಾ ಕಿರಣವನ್ನು. ಅಂತರ್ಜಲ ಯುರೇನಿಯಂ ತೊಳೆದೊಯ್ದು ರೇಡಿಯಂ ಉಳಿಸಿದ್ದರೂ ಮೀಟರು ಕುಣಿಯುತ್ತದೆ. ಅದಕ್ಕೇ ಕೊಳವೆ ಕೊರೆದು ತೆಗೆದ ಕಲ್ಲನ್ನು ಪ್ರಯೋಗಾಲಯಕ್ಕೆ ಕಳಿಸುವುದು. ಗ್ರಾನೈಟಿನ ಪೊಟ್ಯಾಸಿಯಂ, ಥೋರಿಯಂ ಕೂಡ ಸದ್ದು ಮಾಡುತ್ತವೆ. ವಿಧಾನಸೌಧದ ಮೆಟ್ಟಿಲ ಮೇಲಿಟ್ಟರೆ ಅಲ್ಲೂ ಒಂದು ನಿಕ್ಷೇಪ ಘೋಷಿಸಬಹುದು. (ಅಲ್ಲಿ ಅಗೆಯಲು ಪರವಾನಗಿ ಕಷ್ಟ.)

ಯಾದಗಿರಿಯ ಗೋಗಿಯಲ್ಲಿ ಗ್ರೇಡ್ ತುಮ್ಮಲಪಲ್ಲೆಗಿಂತ ಮೇಲು, ಪ್ರಮಾಣ ಬಲು ಕಡಿಮೆ. ತಲೆಬರಹಕ್ಕೆ ಅನರ್ಹ.

ಅತಿ ದೊಡ್ಡ ನಿಕ್ಷೇಪದ ಒಡೆಯರಾಗಿ ನಾಲ್ಕೇ ವರ್ಷಕ್ಕೆ, 2015ರಲ್ಲಿ, ನಾವು ಕೆನಡಾದಿಂದ 3,000 ಟನ್ನಿಗೂ ಮಿಕ್ಕಿ ಯುರೇನಿಯಂ ಸಾಂದ್ರ ತರಿಸುವ ಒಪ್ಪಂದ ಮಾಡಿಕೊಂಡೆವು. ಕೈಗಾದಲ್ಲಿ ಬರಲಿರುವ 5 ಮತ್ತು 6ನೇ ಘಟಕ ತಲಾ 700 ಮೆಗಾವಾಟಿನವು. ಓಡತೊಡಗಿದರೆ ಒಂದೊಂದೂ ವರ್ಷಕ್ಕೆ ಸುಮಾರು ನೂರು ಟನ್ ಯುರೇನಿಯಂ ಉಣ್ಣುತ್ತದೆ. ತುಮ್ಮಲಪಲ್ಲೆ ಒಂದು ದಿನವೂ ಕೆಡದೆ ಪೂರ್ತಿ ಸಾಮರ್ಥ್ಯಕ್ಕೆ ಓಡಿದರೆ ಇವೆರಡರ ಹೊಟ್ಟೆಗೆ ಸರಿಹೋಗುತ್ತದೆ. ಇವೆರಡೂ ಸೇರಿ ಇದೇ ಮಾದರಿಯ ಹತ್ತು ಘಟಕಗಳಿಗೆ ಸರ್ಕಾರ 2017ರಲ್ಲೇ ಮಂಜೂರಾತಿ ಕೊಟ್ಟಿದೆ.